ಭಾವನ ಹಸಿರು ಗೆರೆ

ಮೊನ್ನೆ ಯಲ್ಲಾಪುರದ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದಾಗ, ಹಳೆಯ ಯಂತ್ರದಿಂದ ಸಿಡಿಲು ಹೊಡೆದ ಮೇಲೆ ಬರುವಂಥ ಚುರುಕು ವಾಸನೆ ಬಂತು. ಹೈ ವೋಲ್ಟೇಜ್ ಎಲ್ಲೋ ಸೋರಿದರೆ ಬರುವ ವಾಸನೆ ಅದು. ಬಂದ ಕೆಲಸ ಮರೆತೇಹೋಗಿ ಸಿದ್ದಾಪುರದ ಭಾವ ಕಣ್ಣೆದುರು ನಿಂತರು...

ಭಾವ ಎಂದರೆ ನನ್ನ ಅಕ್ಕನ ಗಂಡ, ರೇಡಿಯೋ ರಿಪೇರಿಯವರು. ಸೆಟ್ಟಿಗೆ ಕಿವಿಯಿಟ್ಟೇ ರೋಗ ಹೇಳುತ್ತಿದ್ದವರು. ತೊಂಬತ್ತರ ದಶಕದ ಕೊನೆಗೆ ಆ ಕಿವಿಯೇ ಕೈಕೊಡತೊಡಗಿತು. ಇನ್ನೊಬ್ಬರಾಗಿದ್ದರೆ ಕಸುಬು ಬಿಡುತ್ತಿದ್ದರು. ಇವರು ಹುಬ್ಬಳ್ಳಿಯ ಗುಜರಿಯಿಂದ ಓಬೀರಾಯನ ಕಾಲದ ಆಸಿಲೋಸ್ಕೋಪ್ ಹೊತ್ತು ತಂದರು. ಸದ್ದನ್ನು ಪರದೆಯ ಮೇಲೆ ಗೆರೆಯಾಗಿ ಕುಣಿಸುವ ಪೆಟ್ಟಿಗೆ ಅದು. ಕೇಳದಿದ್ದರೇನು, ನೋಡಿಯೇ ರಿಪೇರಿ ಮಾಡುತ್ತೇನೆಂಬ ಹಟ!

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಅದನ್ನು ಹಚ್ಚಿದರೆ ಪರದೆಯಲ್ಲಿ ಗೆರೆಯೇ ಇಲ್ಲ. ಶಿರಸಿಯಲ್ಲಿ ಟೀವಿ ರಿಪೇರಿ ಮಾಡಿಕೊಂಡಿದ್ದ ನನಗೆ ಬುಲಾವ್ ಬಂತು.

ಮಸುಕು ಗೆರೆಯಾದರೂ ಕಂಡೀತೆಂದು ಕಿಟಕಿಗೆ ಕಂಬಳಿ ಕಟ್ಟಿ ಹಗಲಲ್ಲೇ ಕತ್ತಲು ಮಾಡಿದೆವು. ಎಡಗೈ ಬೆನ್ನ ಹಿಂದೆ, ಬಲಗೈ ಒಂದರಲ್ಲೇ ಕೆಲಸ. ಎರಡೂ ಕೈ ತಾಗಿದರೆ ಕರೆಂಟು ಎದೆಯನ್ನೇ ಹಾದುಹೋಗುತ್ತದೆ. ವೋಲ್ಟೇಜ್ ಅಳೆಯುವ ಮೀಟರಿನ ಮುಳ್ಳು ಏರಿದ ಹಾಗೆ ಮಾಡಿ ಕುಸಿಯುತ್ತಿತ್ತು. ಪರದೆಯ ಟ್ಯೂಬನ್ನು ಕಳಚಿಟ್ಟರೂ ಅದೇ ಕತೆ. ಅಂದರೆ ವೋಲ್ಟೇಜ್ ಸೋರುತ್ತಿರುವುದು ಬೇರೆಲ್ಲೋ, ಟ್ಯೂಬ್ ಕೆಟ್ಟಿಲ್ಲ! ನನಗೆ ಕುಣಿಯುವಷ್ಟು ಖುಷಿಯಾಯಿತು. ಅದೇ ಹೋಗಿದ್ದರೆ ಇನ್ನೊಂದನ್ನು ಎಲ್ಲಿಂದ ತರುವುದು?

"ತಮಾ, ಅಲ್ಲೆಂತದೋ ಚಿರ್ ಚಿರ್ ಹೇಳ್ತಾ ಇದ್ದಲ," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. ಬಗ್ಗಿದರೆ ಅದೇ ಚುರುಕು ವಾಸನೆ, ಬೋರ್ಡಿನ ಮೇಲೆ ನೀಲಿ ಕಿಡಿ ಹರಿದಾಡುತ್ತಿದೆ! ಸ್ವಿಚ್ ಆರಿಸಿ, ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನೂ ಇಳಿಸಿ ಬೆರಳಾಡಿಸಿದೆ. ಕರೀ ಮಸಿ. ಥಂಡಿ ಹಿಡಿಯಬಾರದೆಂದು ಭಾವ ಮಳೆಗಾಲವಿಡೀ ಪೆಟ್ಟಿಗೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹುಳಿಗೆಂದು ಒಣಹಾಕಿದ ಮುರುಗಲು ಸಿಪ್ಪೆಯ ಪಕ್ಕ ಬೆಚ್ಚಗೆ ಇಟ್ಟಿದ್ದರಂತೆ. ಹೊಗೆಯ ಮಸಿ ಕೂತು, ಅದರ ಮೇಲೆಯೇ ವೋಲ್ಟೇಜ್ ಸೋರಿಹೋಗುತ್ತಿತ್ತು. ನಕ್ಕೂ ನಕ್ಕೂ ಸಾಕಾಯಿತು.

ಸ್ಪಿರಿಟ್ಟಿನಲ್ಲಿ ಒರೆಸಿ, ಬಿಸಿಲಿಗೆ ಒಣಗಿಸಿ ಹಚ್ಚಿದೆವು. ಬಂತು, ಹಸಿರು ಗೆರೆ! ಭಾವ ಮೈಕು ಸಿಕ್ಕಿಸಿ ಅಕ್ಕನ ಮುಂದೆ ಹಿಡಿದು "ಎಂತಾರೂ ಹೇಳೇ" ಎಂದರು.

"ಊಟಕ್ಕೆ ಬನ್ನಿ, ಎಷ್ಟ್ ಸಲ ಕರೆಯವು?" ಅಕ್ಕ ಗದರಿದಳು. ಗೆರೆ ಎಗರಿ ಎಗರಿ ಬಿತ್ತು.

"ನೀ ಬೈಯದು ಕಾಣ್ತಾ ಇದ್ದು!" ಭಾವ ಕೂಗಿದ ಕೂಗಿಗೆ ಆಚೆ ಮನೆಯವರು ಓಡಿಬಂದರು.

ಆಮೇಲೆ ಎಷ್ಟೋ ವರ್ಷ ಆ ಗೆರೆ ನೋಡಿಯೇ ರೇಡಿಯೋ ಸರಿಮಾಡಿದರು. ಕೊನೆಕೊನೆಗೆ ಏನೇನೂ ಕೇಳುತ್ತಿರಲಿಲ್ಲ. ಅಕ್ಕ ಮೈಕಿನ ಮುಂದೆ ಕೂತು ಮಾತಾಡಿದರೆ ಪರದೆ ನೋಡುತ್ತ ಮುಖವರಳಿಸುತ್ತಿದ್ದರು...

ಭಾವ ಈಗಿಲ್ಲ. ಸ್ಕೋಪ್ ನನ್ನ ಬಳಿ ಇದೆ, ಗೆರೆ ಇನ್ನೂ ಬರುತ್ತದೆ. ಕಳೆದ ವಾರ ಅಕ್ಕ ಬಂದಾಗ ಹುರುಪಿನಿಂದ ಅದನ್ನು ಹಚ್ಚಿ ಮೈಕು ಮುಂದೆ ಹಿಡಿದೆ. ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಯಾರಿಗೆ ತೋರ್ಸಲೆ, ತಮಾ?"