ರೇಣುಕಾಳ ಪ್ರೋಗ್ರಾಮು, ಭೀಮವ್ವನ ಪಾಳಿ

ನಮ್ಮ ಶಹಾಪುರದ ಕಂಪ್ಯೂಟರ್ ತರಬೇತಿ ಕೇಂದ್ರದ ಬಾಗಿಲಲ್ಲಿ ಇಂದಿಗೂ ಚಪ್ಪಲಿ ಬಿಡಿಸುತ್ತಾರೆಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಗಮನಿಸಿದ್ದೇನೆ. ಏಕೆಂದರೆ ಹಾಗೆ ಬಿಟ್ಟ ನನ್ನ ಹೊಸ ಜೋಡು ಒಮ್ಮೆ ಯಾರದೋ ಕಾಲಿಗೆ ಸರಿಹೊಂದಿ ಹೊರಟುಹೋಯಿತು. ಯಂತ್ರಕ್ಕೆ ಧೂಳು ಆಗದು ಎಂಬುದು ಅವರು ಕೊಡುವ ಕಾರಣ. ಆದರೆ ಬರಿಗಾಲಲ್ಲಿ ಒಳಹೊಕ್ಕವನಿಗೆ ಗರ್ಭಗುಡಿಯ ಮುಂದಿನ ಭಯಭಕ್ತಿಯೇ ಆವರಿಸುತ್ತದೆ, ಭಕ್ತಿ ಆವರಿಸಿದ ಮೇಲೆ ಪ್ರಶ್ನೆ ಕೇಳುವ ಧೈರ್ಯ ಉಳಿಯುವುದಿಲ್ಲ.

ನಾನು ಅಂಥ ಭಕ್ತರಲ್ಲೊಬ್ಬ. ಗಣಿತದ ಉಪನ್ಯಾಸಕನಾಗಿ ಯಾದಗಿರಿಯಲ್ಲಿದ್ದಾಗ ಆರು ತಿಂಗಳ ಪ್ರೋಗ್ರಾಮಿಂಗ್ ತರಬೇತಿಗೆ ಸೇರಿದ್ದೆ. ಯಂತ್ರಗಳು ಎರಡು, ಕಲಿಯುವವರು ಮೂವತ್ತು, ನನ್ನ ಸರದಿ ಬಂದಾಗಲೆಲ್ಲ ಕರೆಂಟು ಹೋಗುತ್ತಿತ್ತು. ಹೀಗಾಗಿ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ದುಂಡಗಿನ ಅಕ್ಷರದಲ್ಲಿ ಪ್ರೋಗ್ರಾಮು ಬರೆದು, ಗುರುಗಳಿಂದ ಕೆಂಪು ಶಾಯಿಯ ಗುರುತು ಹಾಕಿಸಿಕೊಂಡು, ಪ್ರಥಮ ದರ್ಜೆಯಲ್ಲಿ ಉತ್ತೀರ್ಣನಾದೆ. ಕಾಗದದ ಮೇಲೆ ಬರೆದ ಪ್ರೋಗ್ರಾಮಿಗೆ ಒಂದು ದೊಡ್ಡ ಅನುಕೂಲವಿದೆ: ಅದು ಎಂದೂ ಕೆಡುವುದಿಲ್ಲ. ಆ ಬಂಡವಾಳದ ಮೇಲೆ ನಾನು ಎಷ್ಟೋ ವರ್ಷ ಎಳೆಯರಿಗೆ ಉಪದೇಶ ಮಾಡಿದ್ದೇನೆ. ಮೊದಲು ಗಣಿತ ಗಟ್ಟಿ ಮಾಡಿಕೊಳ್ಳಿ, ಆಮೇಲೆ ದಪ್ಪ ಪುಸ್ತಕ ಪೂರ್ತಿ ಓದಿ, ಆಮೇಲೆ ಕೀಲಿಮಣೆ ಮುಟ್ಟಿ ಎನ್ನುತ್ತಿದ್ದೆ. ಕೇಳಿಹೋದವರು ಯಾರೂ ಎರಡನೆಯ ಸಲ ಬರುತ್ತಿರಲಿಲ್ಲ, ಅದನ್ನು ನಾನು ಬೋಧನೆಯ ಪರಿಣಾಮವೆಂದೇ ಭಾವಿಸಿದ್ದೆ.

ಎರಡನೆಯ ಸಲ ಬಂದವಳು ರೇಣುಕಾ ಒಬ್ಬಳೇ. ಬಳಿಚಕ್ರದ ಹುಡುಗಿ, ಯಾದಗಿರಿಯಲ್ಲಿ ನನ್ನ ವಿದ್ಯಾರ್ಥಿನಿ, ಈಗ ಶಹಾಪುರದ ಪಕ್ಕದ ಹಳ್ಳಿಯ ಸೊಸೆ. ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಪ್ರೋಗ್ರಾಮು ಬರೆಯುವವರು ಬೇಕಾಗಿದ್ದರು. ಸೋಮವಾರ ಪರೀಕ್ಷೆ, ಬರುವಾಗ ತಾನೇ ಮಾಡಿದ್ದೊಂದನ್ನು ತಂದು ತೋರಿಸಬೇಕು. ನಾನು ಯಥಾಪ್ರಕಾರ ದಪ್ಪ ಪುಸ್ತಕದ ಹೆಸರು ಹೇಳಿದೆ. ಅವಳು ವಿನಯದಿಂದ ಕೇಳಿ, "ಅಷ್ಟು ಓದಾಕ ಟೈಮ್ ಇಲ್ರಿ ಸರ್. ನಮ್ಮ ಕಾಲುವಿ ನೀರಿನ ಪಾಳಿ ಹಚ್ಚೋ ಪ್ರೋಗ್ರಾಮ್ ಮಾಡಾಕತ್ತೇನಿ, ಒಮ್ಮಿ ನೋಡ್ರಿ," ಎಂದಳು. ನಾನು ನೋಡಿದೆ. ಅರ್ಥವಾಗಲಿಲ್ಲ. ತಲೆಯಾಡಿಸಿದೆ.

ಕೃಷ್ಣೆಯ ಕಾಲುವೆ ಬಂದ ಮೇಲೆ ನಮ್ಮ ಕಡೆ ಕಾಲವನ್ನು ಅಳೆಯುವುದು ಪಾಳಿಯಿಂದ. ಒಂದು ತೂಬಿನ ಕೆಳಗೆ ಹದಿನಾಲ್ಕು ಹೊಲ. ಎಕರೆಗೆ ಇಷ್ಟು ಹೊತ್ತು ಎಂದು ಒಬ್ಬರಾದ ಮೇಲೊಬ್ಬರು ನೀರು ತಿರುಗಿಸಿಕೊಳ್ಳಬೇಕು. ಆ ಪಟ್ಟಿಯನ್ನು ರೇಣುಕಾಳ ಮಾವ ಬಾಯಲ್ಲೇ ಹೇಳಿ ನಡೆಸುತ್ತಿದ್ದರು. ಮೇಲಿನ ಹೊಲದಿಂದ ಶುರುವಾಗುತ್ತಿದ್ದ ಪಾಳಿ ಕೆಳಗಿನ ಕಡೆಯ ಹೊಲದ ಭೀಮವ್ವನಿಗೆ ಬರುವಷ್ಟರಲ್ಲಿ ತೂಬಿಗೆ ಬಾಗಿಲು ಬೀಳುತ್ತಿತ್ತು. ಗಂಡನಿಲ್ಲದ ಆ ಹೆಂಗಸು ಎರಡು ಎಕರೆಯಲ್ಲಿ ಮೆಣಸಿನಗಿಡ ಹಚ್ಚಿ, ಪ್ರತಿ ಸಲವೂ ಬಂದಷ್ಟೇ ಬರಲಿ ಎಂದು ಕಾಯುತ್ತಿದ್ದಳು. ರೇಣುಕಾ ಅವಳ ಹೆಸರನ್ನೇ ಪಟ್ಟಿಯ ಮೊದಲಿಗೆ ಹಾಕಿದಳು. ಮಾವನೂ ಒಂದು ಪಾಳಿ ನೋಡೋಣವೆಂದು ಒಪ್ಪಿದರು.

ರೇಣುಕಾಳ ತವರು ಬಳಿಚಕ್ರದ್ದು ಮಳೆ ನಂಬಿದ ಬೇಸಾಯ. ಆಕಾಶದಿಂದ ಬೀಳುವ ನೀರಿಗೆ ಮೇಲಿನ ಹೊಲ, ಕೆಳಗಿನ ಹೊಲ ಎಂಬ ಭೇದವಿಲ್ಲ. ಅದು ಎಲ್ಲರಲ್ಲೂ ಏಕಕಾಲಕ್ಕೆ ಬೀಳುತ್ತದೆ. ಕಾಲುವೆಯ ನೀರು ನಡೆದು ಬರಬೇಕು, ಒಣಗಿದ ಹೊಲಗಾಲುವೆ ಮೊದಲು ತಾನು ಕುಡಿದು ಆಮೇಲೆ ಮುಂದಕ್ಕೆ ಬಿಡುತ್ತದೆ ಎಂಬುದು ಆ ಊರಿನ ಮಗಳಿಗೆ ತಿಳಿದಿರಲಿಲ್ಲ. ಮುಂಜಾನೆ ತೂಬು ತೆರೆದರು. ಭೀಮವ್ವನ ಪಾಳಿಯ ಹೊತ್ತೆಲ್ಲ ಕಾಲುವೆಯ ಹೊಟ್ಟೆಗೇ ಹೋಯಿತು. ನೀರಿನ ನಾಲಗೆ ಅವಳ ಬದುವಿಗೆ ಬಂದು ಮುಟ್ಟಿದ್ದೂ ಮೇಲಿನವರು ತಮ್ಮ ಪಾಳಿ ಬಂತೆಂದು ತಿರುಗಿಸಿಕೊಂಡದ್ದೂ ಒಟ್ಟಿಗೇ ಆಯಿತು. ಮೆಣಸಿನ ಮೊದಲ ಸಾಲು ಕೆಸರಾಯಿತು, ಮಿಕ್ಕದ್ದು ಹಾಗೇ ಬಾಡಿಕೊಂಡು ನಿಂತಿತು. ಯಂತ್ರದ ಲೆಕ್ಕ ನೋಡಿದಿರಾ ಎಂದು ಊರು ನಕ್ಕಿತು.

ಭಾನುವಾರ ನಾನು ಹೋದಾಗ ರೇಣುಕಾ ಲ್ಯಾಪ್‌ಟಾಪನ್ನು ಸೀರೆಗಳ ಕೆಳಗೆ ಇಟ್ಟುಬಿಟ್ಟಿದ್ದಳು. "ನಾಳಿ ಹೋಗಂಗಿಲ್ರಿ ಸರ್. ಹದಿನಾಲ್ಕು ಹೊಲದ ನೀರು ಹಂಚಾಕ ಬರಲಿಲ್ಲ, ಕಾರ್ಖಾನಿಗೆ ಹೋಗಿ ಏನ್ ಮಾಡ್ಲಿ?" ಎಂದಳು. ಸೋಲೇ ಗೆಲುವಿನ ಮೆಟ್ಟಿಲು ಎಂಬ ಧಾಟಿಯಲ್ಲಿ ನಾನು ಸುಮಾರು ಹೊತ್ತು ಮಾತಾಡಿದೆ. ನನಗೇ ಬೇಸರವಾಯಿತು. ಎಂದೂ ಸೋಲುವ ಅವಕಾಶವನ್ನೇ ಮಾಡಿಕೊಳ್ಳದ ನೋಟುಬುಕ್ಕಿನ ಪಂಡಿತ ಅವಳಿಗೆ ಹೇಳುವುದಾದರೂ ಏನಿತ್ತು? ಮನಸ್ಸಿನಲ್ಲೇ ನಾಚಿಕೆಪಟ್ಟುಕೊಂಡೆ.

ಅಷ್ಟರಲ್ಲಿ ಭೀಮವ್ವ ಬಂದು ಕಟ್ಟೆಯ ಮೇಲೆ ಕುಳಿತಳು. ಬಯ್ಯಲು ಬಂದಿದ್ದಾಳೆಂದು ನಾನು, ರೇಣುಕಾ, ಅಲ್ಲೇ ಕುಳಿತಿದ್ದ ಅವಳ ಮಾವ ಮೂವರೂ ನೆಲ ನೋಡಿದೆವು. ರೇಣುಕಾ ಮೆಲ್ಲಗೆ, "ತಪ್ಪಾತವ್ವ. ನೀರು ಬರಾಕ ಎಷ್ಟೊತ್ತು ಹಿಡೀತದಂತ ನಾ ಹಿಡಿದಿರಲಿಲ್ಲ. ನಂದ ತಪ್ಪು ಲೆಕ್ಕ," ಎಂದಳು.

ಭೀಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಇಷ್ಟು ವರ್ಷ ನೀರು ಬರಲಿಲ್ಲಂದ್ರ ನಿನ್ನ ನಸೀಬ ಅದು ಅಂತಿದ್ರು. ಲೆಕ್ಕ ತಪ್ಪ್ಯಾದ ಅಂದಾಕಿ ನೀನೊಬ್ಬಾಕಿನ. ನಸೀಬ ತಿದ್ದಾಕ ನಿನಗೂ ಬರಂಗಿಲ್ಲ, ನನಗೂ ಬರಂಗಿಲ್ಲ. ಲೆಕ್ಕ ತಿದ್ದಾಕ ಬರ್ತದಲ್ಲ, ತಿದ್ದು."

ರೇಣುಕಾಳ ಮಾವ ಎದ್ದು ಒಳಗೆ ಹೋದರು. ಸೀರೆಗಳ ಕೆಳಗಿನಿಂದ ಲ್ಯಾಪ್‌ಟಾಪ್ ತಂದು ಸೊಸೆಯ ಮುಂದೆ ಇಟ್ಟು, ತೂಬಿನಿಂದ ಕಡೆಯ ಹೊಲ ಎಷ್ಟು ದೂರ, ನೀರು ಯಾವ ತಿರುವಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಒಂದೊಂದಾಗಿ ಹೇಳತೊಡಗಿದರು. ಅವರಿಗೆಲ್ಲ ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ನಾನೂ ಪಕ್ಕದಲ್ಲಿ ಕುಳಿತು ಕೇಳಿದೆ. ನನ್ನ ಪ್ರೋಗ್ರಾಮಿಂಗಿನ ಮೊದಲ ಪಾಠ ಅಂದು ಆಯಿತು.

ಸೋಮವಾರ ಅವಳು ಯಾದಗಿರಿಯಿಂದ ರೈಲು ಹಿಡಿದು ಕಡೇಚೂರಿಗೆ ಸಮೀಪದ ಸೈದಾಪುರ ನಿಲ್ದಾಣಕ್ಕೆ ಹೋದಳು, ಕಾರ್ಖಾನೆಯವರ ಮುಂದೆ ಮೊದಲು ತಪ್ಪಿದ ಪಟ್ಟಿಯನ್ನೂ ಆಮೇಲೆ ತಿದ್ದಿದ ಪಟ್ಟಿಯನ್ನೂ ಇಟ್ಟಳು, ಕೆಲಸ ಸಿಕ್ಕಿತು. ಆದರೂ ಅವಳ ವೃತ್ತಿ ಶುರುವಾದದ್ದು ಆ ಭಾನುವಾರದ ಸಂಜೆಯೇ ಎಂದು ನಾನು ನಂಬಿದ್ದೇನೆ. ಓದು ಬಾರದ ಭೀಮವ್ವನಿಗೆ ಅಂದು ಹೊಸ ಪಟ್ಟಿಯನ್ನು ರೇಣುಕಾ ಓದಿ ಹೇಳಿದಳು: ಅವಳ ಹೆಸರು, ಅವಳ ಹೊತ್ತು, ನೀರು ನಡೆದು ಬರಲು ಬೇಕಾದ ಹೆಚ್ಚಿನ ಹೊತ್ತು. ಭೀಮವ್ವ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, "ಇನ್ನೊಮ್ಮಿ ಓದವ್ವ," ಎಂದಳು.