ಉದ್ದ ದೇಟಿನ ಗುಲಾಬಿ

ನಾವಿನ್ನೂ ಮುಂಬಯಿ ಪ್ರಾಂತದಲ್ಲಿದ್ದ ಕಾಲ. ನಾನು ಕಲ್ಲೋಳಿಗೆ ಸೊಸೆಯಾಗಿ ಬಂದ ಮರುವರ್ಷ, ಪುಣೆಯಲ್ಲಿ ನೌಕರಿಗಿದ್ದ ನನ್ನ ಅಣ್ಣ ಕಪ್ಪುಗೆಂಪು ಗುಲಾಬಿಯ ಕಸಿಗಿಡಗಳನ್ನು ಹಸಿ ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಬಂದ. ಹೈಬ್ರಿಡ್ ಟೀ ಎಂಬ ಜಾತಿ. ಒಂದು ದೇಟಿಗೆ ಒಂದೇ ಹೂ, ಹೂದಾನಿಯಲ್ಲಿ ನಿಲ್ಲಿಸಲೆಂದೇ ಬೆಳೆಯುವಂಥದ್ದು. ಬಾವಿಯ ಪಕ್ಕದ ತುಂಡು ಭೂಮಿಯಲ್ಲಿ ನೆಟ್ಟೆ. ಅದು ಮೆಣಸಿನಕಾಯಿಯ ಜಾಗ. ಮಾವನವರು ಒಂದೇ ಮಾತು ಹೇಳಿದರು: "ಈ ಚಳಿಗಾಲ ನೋಡ್ತೇನಿ. ತಗೊಳ್ಳಾವ್ರು ಸಿಗಲಿಲ್ಲಂದ್ರ ಕಿತ್ತ ಒಗದು ಮೆಣಸಿನ ಅಗಿ ಹಚ್ಚೂದು."

ಅತ್ತೆಯವರಿಗೆ ಗಿಡಗಳ ಮೇಲೆ ಜೀವ, ನನ್ನ ಕೆಲಸದ ಮೇಲೆ ಸಿಟ್ಟು. ದೊಡ್ಡ ಹೂ ಬೇಕೆಂದರೆ ಬದಿಯ ಮೊಗ್ಗುಗಳನ್ನು ಚಿವುಟಬೇಕು. "ಒಂದ ಕೂಸಿನ ಸಲುವಾಗಿ ಉಳಿದ ಕೂಸಗೋಳ ಹೊಟ್ಟಿ ಮ್ಯಾಲ ಹೊಡೀತಿಯಲ್ಲ" ಎನ್ನುತ್ತಿದ್ದರು. ಅರಳುವ ಮೊದಲೇ ಮೊಳದುದ್ದ ದೇಟಿನ ಸಮೇತ ಕೊಯ್ಯುತ್ತಾರೆ ಎಂದು ನಾನು ಹೇಳಿದಾಗಂತೂ ನಕ್ಕುಬಿಟ್ಟರು. "ಹೂವಿಗೆ ಕೋಲ್ಯಾಕವಾ? ಯಾರನ್ನ ಬಡ್ಯಾಕ?" ದಿನವೂ ಬಸದಿಗೆ ಹೂ ಬಿಡಿಸುವ ಕೈ ಅವರದು. ಅವರ ಪಾಲಿಗೆ ಹೂವೆಂದರೆ ಅರಳಿದ್ದು, ತೊಟ್ಟಿನ ಹತ್ತಿರ ಉಗುರಿನಿಂದ ಬಿಡಿಸಿದ್ದು.

ಕೊನೆಗೂ ಗೋಕಾಕದ ಬಂಗಲೆಯೊಂದರ ಬಟ್ಲರ್ ಹೂ ಕೇಳಿದ. ದೊಡ್ಡವರ ಊಟವಂತೆ, ಮೇಜಿನ ಮೇಲಿಡಲು. ನಸುಕಿನಲ್ಲಿ ನೀರು ತುಂಬಿದ ಬಕೆಟ್ ಹಿಡಿದು ಹೋದರೆ ಗಿಡಗಳೆಲ್ಲ ಬೋಳು! ಅತ್ತೆಯ ಬುಟ್ಟಿಯಲ್ಲಿ, ಹಸಿ ಬಟ್ಟೆಯ ಕೆಳಗೆ, ದೇಟಿಲ್ಲದ ನನ್ನ ಗುಲಾಬಿಗಳು. ಮೊಗ್ಗುಗಳನ್ನು ಊದಿ ಊದಿ ಅರಳಿಸಿದ್ದರು. ಕೈಯ ಮುಳ್ಳುಗೀರು ಸೆರಗಿನಿಂದ ಒರೆಸಿಕೊಳ್ಳುತ್ತ, "ನಿನಗ ಬಸ್ಸಿಗೆ ಹೊತ್ತಾಗ್ತೈತಂತ ನಾನ ಹರದ ಇಟ್ಟೇನಿ. ನೋಡ, ಒಂದ ಎಸಳೂ ಉದುರಿಲ್ಲ" ಎಂದರು. ನಾನು ಗುಲಾಬಿ ಮಡಿಯ ಮಣ್ಣಿನಲ್ಲೇ ಕುಸಿದು ಕುಳಿತು ಅಳತೊಡಗಿದೆ.

ಆ ಹೂಗಳು ಬಸದಿಗೆ ಹೋದವು. ನಾನು ಬರಿಗೈಯಲ್ಲಿ ಗೋಕಾಕಕ್ಕೆ ಹೋಗಿ ಬಟ್ಲರನಿಂದ ಬೈಸಿಕೊಂಡು ಬಂದೆ. ಮಾವನವರು "ಸಾಕಿನ್ನ" ಎಂದರು.

ಅಂದು ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕುಳಿತಾಗ ಅತ್ತೆ ತಟ್ಟೆಯಲ್ಲಿನ ಬೆಲ್ಲದ ಚೂರನ್ನು ಎತ್ತಿ ಬದಿಗಿಟ್ಟರು. "ಇಕಿ ಹೂ ಇಕಿ ಹೇಳಿದಂಗ ಗೋಕಾಕಕ್ಕ ಮುಟ್ಟೂ ತನಕ ನನಗ ಬೆಲ್ಲ ತ್ಯಾಗ." ನಮ್ಮ ಜೈನರಲ್ಲಿ ಹೊತ್ತು ಮುಳುಗಿದ ಮೇಲೆ ಏನೂ ತಿನ್ನದಿರುವಂತೆ, ಹೀಗೆ ನೇಮ ಹಿಡಿದು ಒಂದೊಂದು ಪದಾರ್ಥ ಬಿಡುವುದೂ ಹೊಸದಲ್ಲ. ಆದರೆ ಸ್ವಂತ ಕಬ್ಬಿನ ಗಾಣವಿದ್ದ ಮನೆ, ಬೆಲ್ಲ ಸಾಲದಾದರೆ ಚಹಾದ ಕಪ್ಪನ್ನೇ ಸರಿಸುವ ಅತ್ತೆ! ನೇಮ ಹಿಡಿದವರ ಮುಂದೆ ಮಾವನವರ ಆಟ ನಡೆಯುವಂತಿರಲಿಲ್ಲ. ಗಿಡ ಕಿತ್ತರೆ ಹೆಂಡತಿಗೆ ಸಾಯುವ ತನಕ ಬೆಲ್ಲವಿಲ್ಲ. ಗೊಣಗುತ್ತಲೇ ಮೆಣಸಿನ ಸಸಿಗಳನ್ನು ಬೇರೆ ತುಂಡಿಗೆ ಹಚ್ಚಿಸಿದರು.

ಗಿಡ ಮತ್ತೆ ಚಿಗುರಿ ಮೊಗ್ಗಾಗುವ ತನಕ ಅತ್ತೆ ಸಪ್ಪೆ ಚಹಾವನ್ನು ಮುಖ ಕಿವುಚಿಕೊಂಡು ಕುಡಿದರು. ಯುಗಾದಿಗೆ ನಮಗೆಲ್ಲ ಹೋಳಿಗೆ ಬಡಿಸಿ ತಾವು ಅನ್ನ ಸಾರು ಉಂಡರು. ಮರುದಿನವೇ ನಾನು ಗೋಕಾಕಕ್ಕೆ ಹೋದೆ. ಬಟ್ಲರನ ಕೈಕಾಲು ಹಿಡಿದು ಮತ್ತೊಮ್ಮೆ ಒಪ್ಪಿಸಿದೆ. ಈ ಸಲ ಅತ್ತೆಯೇ ಬಕೆಟ್ ಹಿಡಿದು ನಿಂತರು, ನಾನು ಕೊಯ್ದ ಒಂದೊಂದು ದೇಟನ್ನೂ ನೀರಿಗೆ ಇಳಿಸಿದರು.

ಹೂ ಕೊಟ್ಟು ಮನೆಗೆ ಬಂದಾಗ ಸಂಜೆಯಾಗಿತ್ತು. ನೇರ ಒಳಗೆ ಹೋಗಿ ಬೆಲ್ಲದ ಚೂರೊಂದನ್ನು ಅವರ ಬಾಯಿಗಿಟ್ಟೆ. "ಅತ್ಯಾರ, ಮುಂದಿನ ವಾರಾನೂ ಬೇಕಂದಾನ್ರಿ." ಅವರ ಕಣ್ಣು ತುಂಬಿದವು. ತವರಿನಲ್ಲಿ ನನ್ನನ್ನು ಪ್ರೀತಿಸಿದವರು ಬಹಳ ಮಂದಿ. ನನ್ನ ಹುಚ್ಚಿಗಾಗಿ ಬಾಯಿರುಚಿ ಬಿಟ್ಟವರು ಇವರೊಬ್ಬರೇ. ಕಾಲು ಮುಟ್ಟಲು ಬಾಗಿದೆ.

"ಏಳ, ಹೊತ್ತ ಮುಳಗಾಕತ್ತೈತಿ" ಎಂದರು ಅತ್ತೆ. "ಇನ್ನೊಂದ ಚೂರ ಕೊಡ."