ನಮ್ಮ ಗದ್ದೆಯ ಮಣ್ಣಿನಲ್ಲಿದ್ದದ್ದು

ಸಂಶೋಧನೆಗೆ ಸೇರಿದಾಗ ನಾನು ಆರಿಸಿಕೊಂಡದ್ದು ಆರ್ಕಿಯಾಗಳನ್ನು. ನೋಡಲು ಬ್ಯಾಕ್ಟೀರಿಯಾಗಳ ಹಾಗೆಯೇ ಇರುವ, ಆದರೆ ಒಳಗಿನ ರಚನೆಯೇ ಬೇರೆಯಾದ ಒಂಟಿ ಜೀವಕೋಶದ ಜೀವಿಗಳು ಅವು. ಹೊಳೆ ಕಡಲು ಸೇರುವ ಹಂಗಾರಕಟ್ಟೆಯ ಅಳಿವೆಯಲ್ಲಿ ನೀರು ಇಳಿದ ಮೇಲೆ ಕಾಣುವ ಕಪ್ಪು ಕೆಸರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದು, ಅದರಿಂದ ಡಿಎನ್‌ಎ ತೆಗೆದು, ಯಾವ ಯಾವ ಆರ್ಕಿಯಾಗಳಿವೆ ಎಂದು ಹುಡುಕುವುದು ನನ್ನ ಕೆಲಸ. ಅವುಗಳಲ್ಲಿ ಮನುಷ್ಯನಿಗೆ ಕಾಯಿಲೆ ತರುವುದು ಒಂದೂ ಗೊತ್ತಿಲ್ಲ ಎಂದು ಓದಿದ್ದೆ. ನಾನು ಹುಟ್ಟಾ ಪುಕ್ಕಲು. ಆ ಒಂದು ಮಾತಿಗಾಗಿಯೇ ಆ ವಿಷಯ ಹಿಡಿದೆ ಎಂದರೂ ತಪ್ಪಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನನ್ನ ಮಾರ್ಗದರ್ಶಕಿ, ನಾವೆಲ್ಲ ಮೇಡಂ ಎನ್ನುತ್ತಿದ್ದವರು, ಒಂದು ದಿನ ಕರೆದು ಹೊಸ ಕೆಲಸ ಹೇಳಿದರು. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಮೆಲಿಯೊಯ್ಡೋಸಿಸ್ ಎಂಬ ಜ್ವರ ಬರುತ್ತದೆ. ಅದನ್ನು ತರುವ ಬ್ಯಾಕ್ಟೀರಿಯಾ ಗದ್ದೆಯ ಒದ್ದೆ ಮಣ್ಣಿನಲ್ಲಿ ವಾಸಿಸುತ್ತದೆ, ಕಾಲಿನ ಗಾಯದಿಂದಲೋ ಉಸಿರಿನಿಂದಲೋ ಮೈಯೊಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಹೆಚ್ಚು. ಅನೇಕ ಸಲ ಟಿಬಿ ಎಂದೇ ಔಷಧ ಶುರುವಾಗುತ್ತದೆ, ನಿಜ ಗೊತ್ತಾಗುವಷ್ಟರಲ್ಲಿ ರೋಗಿ ಕೈಬಿಟ್ಟುಹೋಗಿರುತ್ತಾರೆ. "ಮಣ್ಣು ತರುವುದು ನಿನಗೆ ರೂಢಿಯಿದೆಯಲ್ಲ, ಗದ್ದೆಗಳದ್ದೂ ತಾ" ಎಂದರು ಮೇಡಂ. ಜೊತೆಗೆ ಇನ್ನೊಂದು ಮಾತು ಹೇಳಿದರು. ಬೇರೆ ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮುಚ್ಚಳ ತೆಗೆದು ನಾವು ಮೂಗಿನ ಹತ್ತಿರ ಹಿಡಿಯುವುದುಂಟು, ವಾಸನೆಯಿಂದಲೇ ಕೆಲವನ್ನು ಗುರುತಿಸಬಹುದು. "ಇದನ್ನು ಮಾತ್ರ ಯಾವ ಕಾರಣಕ್ಕೂ ಮೂಸಬೇಡ."

ಬೇರೆಯವರ ಗದ್ದೆಗೆ ಹೋಗಿ ಅಗೆಯಲು ಸಂಕೋಚ. ಹಾಗಾಗಿ ಮೊದಲು ಹೋದದ್ದು ನಮ್ಮ ಮನೆಗೆ. ಸಾಲಿಗ್ರಾಮದಲ್ಲಿ ಬಸ್ಸು ಇಳಿದು ಪಶ್ಚಿಮಕ್ಕೆ ಸ್ವಲ್ಪ ನಡೆದರೆ ನಮ್ಮ ಮನೆ, ಅಂಗಳದ ಮುಂದೆಯೇ ಬೈಲುಗದ್ದೆ. ಮೊದಲ ಮಳೆ ಬಿದ್ದಿತ್ತು. ನಾನು ಮೊಣಕೈವರೆಗಿನ ಕೈಗವಸು ಹಾಕಿಕೊಂಡು ಹಾರೆ ಹಿಡಿದದ್ದು ನೋಡಿ ಅಮ್ಮನಿಗೆ ನಗು.

"ಎಂತ ಹೆಣೆ, ಮಣ್ಣ್ ಹೊರುಕಾ ನಿನ್ನ ಇಷ್ಟ್ ಓದ್ಸಿದ್ದ್?"

"ಪರೀಕ್ಷೆ ಮಾಡುಕೆ ಅಮ್ಮಾ."

"ಹಂಗಾರೆ ಆ ಕೆಳ್ಗಿನ್ ಅಂಚಂಗೆ ತೆಗಿ. ನೀರ್ ನಿಂತಲ್ಲೇ ಮಣ್ಣ್ ಒಳ್ಳೇದಿಪ್ಪುದ್."

ನಾಲ್ಕಾರು ಕಡೆ ಅಗೆದೆ. ಅಮ್ಮ ತೋರಿಸಿದ ಕೆಳಗಿನ ಅಂಚಿನಲ್ಲೂ ಒಂದು ಗುಂಡಿ ತೋಡಿದೆ.

ಪ್ರಯೋಗಾಲಯದಲ್ಲಿ ಆ ಮಣ್ಣನ್ನು ಕದಡಿ, ಬೇರೆಯವು ಬೆಳೆಯದ ಹಾಗೆ ಔಷಧ ಬೆರೆಸಿದ ತಟ್ಟೆಗಳ ಮೇಲೆ ಹಚ್ಚಿದೆ. ಕೆಲವು ದಿನ ಕಳೆದ ಮೇಲೆ ಉಳಿದ ತಟ್ಟೆಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಕೆಳಗಿನ ಅಂಚಿನ ತಟ್ಟೆಯಲ್ಲಿ ಮಾತ್ರ ನೇರಳೆ ಬಣ್ಣದ, ಒಣಗಿದ ಹೂವಿನ ಹಾಗೆ ಸುಕ್ಕುಗಟ್ಟಿದ ಚುಕ್ಕೆಗಳು. ಪುಸ್ತಕದ ಚಿತ್ರದಲ್ಲಿ ಹೇಗಿತ್ತೋ ಹಾಗೆಯೇ. ಆದರೂ ಖಾತ್ರಿಯಾಗಬೇಕಿತ್ತು. ಆ ಬ್ಯಾಕ್ಟೀರಿಯಾಕ್ಕೆ ಮಾತ್ರ ಇರುವ ಒಂದು ಜೀನಿನ ತುಂಡನ್ನು ಪಿಸಿಆರ್ ಯಂತ್ರದಲ್ಲಿಟ್ಟು ಲಕ್ಷಗಟ್ಟಲೆ ಪ್ರತಿ ಮಾಡಿಸಿದೆ. ಯಂತ್ರ ನಿಂತಮೇಲೆ ಆ ಪ್ರತಿಗಳನ್ನು ಜೆಲ್ಲಿನಲ್ಲಿ ಹರಿಸಿ ನೇರಳಾತೀತ ಬೆಳಕಿನಲ್ಲಿ ನೋಡಿದರೆ, ಅದು ಇದೆ ಎಂದು ಹೇಳುವ ಗೆರೆ ಎದ್ದು ಕಾಣುತ್ತಿತ್ತು. ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು, ಹುಡುಕಿದ್ದು ಸಿಕ್ಕಿತ್ತಲ್ಲ. ನಾನು ಗಡಿಯಾರ ನೋಡಿದೆ. ಆ ಹೊತ್ತಿನಲ್ಲಿ ಅಮ್ಮ ಎಲ್ಲಿರುತ್ತಾಳೆ ಎಂದು ಗೊತ್ತಿತ್ತು. ಸಸಿ ನೆಡುವ ನಟ್ಟಿ ಶುರುವಾಗಿತ್ತು. ಆಕೆ ಬರಿಗಾಲಿನಲ್ಲಿ ಅದೇ ಕೆಸರಿನಲ್ಲಿ ನಿಂತಿದ್ದಳು. ಆಕೆಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು, ಹಿಮ್ಮಡಿ ಯಾವಾಗಲೂ ಒಡೆದೇ ಇರುತ್ತಿತ್ತು.

ಆ ವಾರವೇ ಗಮ್ ಬೂಟು ಕೊಂಡು ಮನೆಗೆ ಹೋದೆ. ಅಮ್ಮ ಅವುಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದ್ ಹಾಯ್ಕಂಡ್ ನಟ್ಟಿ ಮಾಡುಕ್ ಆತ್ತಾ? ಕೆಸ್ರಂಗೆ ಬೂಟ್ ಹುಗ್ದ್ ಹೋತ್ತ್, ಕಾಲ್ ಮಾತ್ರ ಮೇಲ್ ಬತ್ತ್."

"ಅಮ್ಮಾ, ತಮಾಷೆ ಅಲ್ಲ. ನಮ್ ಗದ್ದಿಯಂಗೆ ಕೆಟ್ಟ ರೋಗದ್ ಬ್ಯಾಕ್ಟೀರಿಯಾ ಸಿಕ್ಕಿತ್. ಸಕ್ಕರಿ ಕಾಯ್ಲಿ ಇದ್ದವ್ರಿಗೇ ಅದ್ ಹಿಡುದ್."

"ಹುಟ್ಟಿದ್ ಲಾಗಾಯ್ತ್ ಇದೇ ಮಣ್ಣಂಗೇ ಇದ್ದೆ. ಇಷ್ಟ್ ವರ್ಷ ಇಲ್ದಿದ್ದದ್ ಈಗ ಎಂತಕ್ ಬತ್ತ್?"

ಅದು ಈಗ ಬಂದದ್ದಲ್ಲ, ಯಾವಾಗಲೂ ಇತ್ತೇನೋ, ನಮಗೆ ನೋಡುವ ಉಪಾಯ ಈಗ ಸಿಕ್ಕಿದೆ ಅಷ್ಟೆ ಎಂದು ಹೇಳಬಹುದಿತ್ತು. ಹಾಗೆ ಯೋಚಿಸಿದರೆ ನನಗೇ ಇನ್ನಷ್ಟು ಹೆದರಿಕೆಯಾಗುತ್ತಿತ್ತು. ಚಿಕ್ಕಂದಿನಲ್ಲಿ ಅದೇ ಗದ್ದೆಯಲ್ಲಿ ಹೊರಳಾಡಿ ಬೆಳೆದವಳು ನಾನು. ಬೂಟುಗಳು ಕೊಟ್ಟಿಗೆಯ ಮಾಡಿನ ಕೆಳಗೆ ಕುಳಿತವು.

ಆಟಿಯ ಜಡಿಮಳೆ ಮುಗಿದು ಸೋಣೆ ತಿಂಗಳು ಶುರುವಾಗುವಾಗ ಅಣ್ಣನ ಫೋನು ಬಂತು. ಅಮ್ಮನಿಗೆ ಜ್ವರ, ಬಿಟ್ಟು ಬಿಟ್ಟು ಚಳಿ, ಪೇಟೆಯ ಡಾಕ್ಟರು ಕೊಟ್ಟ ಮಾತ್ರೆ ಹಿಡಿಯಲಿಲ್ಲ, ಈಗ ಕುಂದಾಪುರದ ಆಸ್ಪತ್ರೆಯಲ್ಲಿ ಮಲಗಿಸಿದ್ದೇವೆ ಎಂದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಬರುವಾಗ ಹೆದ್ದಾರಿಯ ಎರಡೂ ಬದಿಗೆ ಹಸಿರು ಗದ್ದೆಗಳು. ಅವುಗಳ ಕಡೆ ನೋಡಲಾಗದೆ ಮುಖ ಒಳಗೆ ತಿರುಗಿಸಿಕೊಂಡೆ.

ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲೆ ನೆರಳಿತ್ತು. ಡಾಕ್ಟರು ಒಳ್ಳೆಯವರು, ನಿಧಾನದವರು. "ಟಿಬಿ ಇರಬಹುದು ಅನಿಸುತ್ತದೆ, ಔಷಧ ಶುರು ಮಾಡೋಣ" ಎಂದರು. ನಾನು ನಮ್ಮ ಗದ್ದೆಯ ಮಣ್ಣು, ಅದರಲ್ಲಿ ಸಿಕ್ಕಿದ್ದು, ಅಮ್ಮನ ಸಕ್ಕರೆ ಕಾಯಿಲೆ ಎಲ್ಲವನ್ನೂ ಹೇಳಿ, ರಕ್ತ ಕಲ್ಚರಿಗೆ ಹಾಕಿಸಿ ಎಂದು ಕೇಳಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಆ ಜ್ವರದ ಬಗ್ಗೆ ಓದಿದ್ದೇನೆ, ನೋಡಿಲ್ಲ. ಹಾಕಿಸೋಣ. ಆದರೆ ಅಷ್ಟರವರೆಗೆ ಕಾಯುವುದು ಬೇಡ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎಂದರು.

ಬ್ರಹ್ಮಾವರ ದಾಟಿ ದಕ್ಷಿಣಕ್ಕೆ ಆಂಬುಲೆನ್ಸಿನಲ್ಲಿ ಹೋಗುವಾಗ ಅಮ್ಮನ ಉಸಿರು ಮೇಲುಸಿರಾಗಿತ್ತು. ಕೈ ಕಾದ ಕಾವಲಿಯಂತಿತ್ತು. ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

"ಸುಳ್ಳ್ ಹೇಳ್ಬೇಡ ಹೆಣೆ. ನಂಗೆ ಎಂತ ಆಯ್ತ್?"

"ಇನ್ನೂ ಗೊತ್ತಾಯ್ಲಿಲ್ಲ ಅಮ್ಮಾ."

"ಗದ್ದಿಯಿಂದ ಬಂದದ್ದಾ?"

ನಾನು ಆಕೆಯ ಹೊದಿಕೆ ಎಳೆದು ಸರಿಮಾಡಿದೆ. ಅಮ್ಮ ಮುಖ ಆಚೆ ತಿರುಗಿಸಿ ಅತ್ತಳು. ಅಪ್ಪ ತೀರಿಹೋದಾಗ ಬಿಟ್ಟರೆ ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ರಕ್ತದಲ್ಲಿ ಅದೇ ಬ್ಯಾಕ್ಟೀರಿಯಾ ಬೆಳೆಯಿತು. ಅಷ್ಟರಲ್ಲಿ ದೊಡ್ಡ ಆಸ್ಪತ್ರೆಯವರು ಸಂಶಯದ ಮೇಲೆಯೇ ಸರಿಯಾದ ಇಂಜೆಕ್ಷನ್ ಶುರು ಮಾಡಿದ್ದರು. ಹಾಗಾಗಿ ಅಮ್ಮ ಉಳಿದಳು. ಆದರೆ ಉಳಿಯುತ್ತಾಳೆ ಎಂದು ನಮಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ಇಂಜೆಕ್ಷನ್ ಹೋಗುತ್ತಿದ್ದರೂ ಜ್ವರ ಇಳಿಯುತ್ತಿರಲಿಲ್ಲ. ಇಳಿಯುವುದು ನಿಧಾನವೆಂದು ಡಾಕ್ಟರು ಹೇಳಿದ್ದರೂ, ಥರ್ಮಾಮೀಟರ್ ತೆಗೆಯುವಾಗಲೆಲ್ಲ ನಾನು ವಾರ್ಡಿನ ಹೊರಗೆ ಹೋಗಿ ನಿಲ್ಲುತ್ತಿದ್ದೆ. ಅಣ್ಣನೇ ನೋಡಿ ಬಂದು ಹೇಳಬೇಕಿತ್ತು.

ಆ ಕಾರಿಡಾರಿನಲ್ಲೇ ಅಣ್ಣ ಹೇಳಿದ, "ಆ ಗದ್ದಿ ಸಾವಾಸವೇ ಬ್ಯಾಡ. ಮಳಿ ಹೋದ್ಕೂಡ್ಲೆ ಮಣ್ಣ್ ತುಂಬ್ಸಿ ತೆಂಗಿನ್ ಗಿಡ ನೆಡುವ." ಅಮ್ಮನಿಗೆ ಇದು ಹೇಗೋ ಗೊತ್ತಾಯಿತು. ಅವತ್ತಿನಿಂದ ಆಕೆ ಊಟ ಕಡಿಮೆ ಮಾಡಿದಳು.

ಇತ್ತ ಪ್ರಯೋಗಾಲಯದಲ್ಲಿ ಮೇಡಂ ಎರಡು ಬ್ಯಾಕ್ಟೀರಿಯಾಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸಲು ಹೇಳಿದ್ದರು. ಗದ್ದೆಯದ್ದು ಒಂದು, ಆಸ್ಪತ್ರೆಯಿಂದ ತರಿಸಿಕೊಂಡ ಅಮ್ಮನ ರಕ್ತದ್ದು ಒಂದು. ಏಳು ಜೀನುಗಳನ್ನು ಆರಿಸಿ, ಪ್ರತಿಯೊಂದರ ಅಕ್ಷರಸಾಲನ್ನು ಓದಿಸಿ ತಾಳೆ ನೋಡುವುದು. ಒಂದೇ ತಳಿಯಾದರೆ ಏಳೂ ಹೊಂದಬೇಕು. ಆ ವಿಧಾನ ಆಗ ಹೊಸದು, ಸಾಲು ಓದಿಸಲು ಹೊರಗೆ ಕಳಿಸಬೇಕಿತ್ತು. ಉತ್ತರ ಬರುವಾಗ ಅಮ್ಮ ಮನೆ ಸೇರಿ, ತಿಂಗಳುಗಟ್ಟಲೆ ನುಂಗಬೇಕಾದ ಮಾತ್ರೆಗಳ ಮೇಲಿದ್ದಳು.

ಎರಡೂ ಹೊಂದಲಿಲ್ಲ. ಏಳರಲ್ಲಿ ಹೆಚ್ಚಿನವು ಬೇರೆ ಬೇರೆ. ನನಗೆ ನಂಬಿಕೆಯಾಗದೆ ಮತ್ತೆ ಮತ್ತೆ ನೋಡಿದೆ.

"ಜಾತಿ ಒಂದೇ, ತಳಿ ಬೇರೆ. ಅಮ್ಮನಿಗೆ ಬಂದದ್ದು ಇದಲ್ಲ" ಎಂದರು ಮೇಡಂ. ಮತ್ತೆ ತಾವೇ, "ಆದರೆ ನೀನು ತಂದದ್ದು ಒಂದು ಹಿಡಿ ಮಣ್ಣು. ಅದೇ ಗದ್ದೆಯಲ್ಲಿ ಇನ್ನೊಂದು ತಳಿಯೂ ಇರಬಹುದು. ಖಂಡಿತವಾಗಿ ಹೇಳಲಿಕ್ಕಾಗುವುದಿಲ್ಲ" ಎಂದರು.

ಮನೆಗೆ ಹೋಗಿ ಎರಡನ್ನೂ ಹೇಳಿದೆ. ಅಮ್ಮ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಳು. ಗೋಡೆ ಹಿಡಿದು ಎದ್ದು, ಹಿತ್ತಿಲಲ್ಲಿದ್ದ ಅಣ್ಣನನ್ನು ಕೂಗಿದಳು.

"ಕೇಂಡ್ಯನಾ? ನಮ್ ಗದ್ದಿದ್ ಅಲ್ಲ ಅಂಬ್ರ್! ಮಿಷಿನ್ನಂಗೇ ಕಂಡದ್ದಂಬ್ರ್. ಇನ್ ತೆಂಗಿನ್ ಗಿಡದ್ ಸುದ್ದಿ ಎತ್ಬೇಡ."

ಅವತ್ತು ಆಕೆ ತಟ್ಟೆ ಖಾಲಿ ಮಾಡಿ ಉಂಡಳು. ನಾನು ಅರ್ಧ ಊಟಕ್ಕೇ ಎದ್ದೆ. ಇಷ್ಟು ದಿನ ಹೆದರಲು ನನಗೊಂದು ಜಾಗವಾದರೂ ಇತ್ತು, ಕೆಳಗಿನ ಅಂಚು. ಈಗ ಅದೂ ಹೋಯಿತು. ಆ ಮಳೆಗಾಲ ಅಮ್ಮ ನೆರೆಮನೆಯವರ ಗದ್ದೆಗೆ ಕೆಲಸಕ್ಕೆ ಬದಲು ಕೆಲಸವೆಂದು ಮುಯ್ಯಾಳಾಗಿ ಹೋಗಿದ್ದಳು, ಸಿದ್ದಾಪುರದ ಚಿಕ್ಕಮ್ಮನ ಮನೆಯಲ್ಲಿ ಕೆಲವು ದಿನ ಇದ್ದಳು, ಕೆರೆಯಲ್ಲಿ ಕಾಲು ತೊಳೆದಿದ್ದಳು, ಗಾಳಿಮಳೆಯಲ್ಲಿ ನೆನೆದಿದ್ದಳು. ಎಲ್ಲಿಂದ ಬಂತು? ನಮ್ಮ ಗದ್ದೆಯದ್ದು ಅಮ್ಮನನ್ನು ಹಿಡಿಯಲಿಲ್ಲ ಎಂದರೆ ಅದು ಇನ್ನೂ ಅಲ್ಲಿಯೇ ಇದೆ ಎಂದೇ ಅರ್ಥ. ಹಿಡಿದದ್ದು ಬೇರೆ ಎಲ್ಲೋ ಇದೆ.

ಆಮೇಲಿನ ವರ್ಷಗಳಲ್ಲಿ ಈ ಬ್ಯಾಕ್ಟೀರಿಯಾದ ಇಡೀ ಜೀನೋಮನ್ನೇ ಓದುವ ಕಾಲ ಬಂತು. ಮನುಷ್ಯನ ಜೀವಕೋಶದ ಒಳಗೇ ಅಡಗಿ ಕೂರುತ್ತದೆ, ವರ್ಷಗಟ್ಟಲೆ ಮೈಯಲ್ಲಿದ್ದರೆ ಬೇಡವಾದ ಜೀನುಗಳನ್ನು ಕಳೆದುಕೊಂಡು ಅಲ್ಲಿಗೇ ಒಗ್ಗಿಕೊಳ್ಳುತ್ತದೆ ಎಂದೆಲ್ಲ ಲೇಖನಗಳು ಬಂದವು. ಪ್ರಯೋಗಾಲಯದ ಉಳಿದವರು ಅವನ್ನು ಚಹಾ ಕುಡಿಯುತ್ತ ಚರ್ಚಿಸುತ್ತಿದ್ದರು. ನಾನು ಒಬ್ಬಳೇ ಕೂತು ಓದುತ್ತಿದ್ದೆ, ಅರ್ಧಕ್ಕೆ ನಿಲ್ಲಿಸಿ ಮನೆಗೆ ಫೋನು ಮಾಡುತ್ತಿದ್ದೆ. ನನ್ನ ರಕ್ತದಲ್ಲಿ ಅದರ ಗುರುತಿದೆಯೇ ಎಂದು ಇವತ್ತಿಗೂ ನೋಡಿಸಿಲ್ಲ.

ಅಮ್ಮ ಮಾರನೆಯ ವರ್ಷವೇ ಗದ್ದೆಗೆ ಇಳಿದಳು. ಹಿಮ್ಮಡಿಗೆ ಮುಲಾಮು ಹಚ್ಚಿಕೊಳ್ಳುವಷ್ಟಕ್ಕೆ ಒಪ್ಪಿದಳು. ಈಗ ಕೆಲವು ವರ್ಷದ ಹಿಂದೆ, ಮಳೆಗಾಲದಲ್ಲೇ, ಆಕೆಗೆ ಮತ್ತೆ ಜ್ವರ ಎಂದು ಗೊತ್ತಾಗಿ ರಜೆ ಹಾಕಿ ಓಡಿದೆ. ಅಮ್ಮ ಜಗಲಿಯಲ್ಲಿ ಶಾಲು ಹೊದ್ದು ಗಂಜಿ ಕುಡಿಯುತ್ತಿದ್ದಳು. ರಕ್ತ ತೆಗೆಸಲು ಕರೆದುಕೊಂಡು ಹೊರಟರೆ ದಾರಿಯುದ್ದಕ್ಕೂ ಬೈಗುಳ. "ಶೀತ ಆದ್ರೂ ರಕ್ತ, ಕೆಮ್ಮಿರೂ ರಕ್ತ. ನಿಂಗೆ ಮರ್ಲಾ?"

ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಬರೀ ಶೀತಜ್ವರ. ಫಲಿತಾಂಶ ಹೇಳಿದಾಗ ಅಮ್ಮ, "ನಾನ್ ಮೊದ್ಲೇ ಹೇಳಿದ್ದೆ ಅಲ್ದಾ" ಎಂದು ಹೊರಗೆ ಹೋಗಿ ನಟ್ಟಿಯವರಿಗೆ ಅವಲಕ್ಕಿ ಕಲಸತೊಡಗಿದಳು. ನಾನು ಒಳಗೆ ಮಂಚದ ಮೇಲೆ ಕುಳಿತೇ ಇದ್ದೆ. ಫಲಿತಾಂಶದ ಕಾಗದವನ್ನು ಮೊದಲಿನಿಂದ ಮತ್ತೊಮ್ಮೆ ಓದಿದೆ.